ಮಾಂತ್ರಿಕನ ಜಗಲಿಯಲ್ಲಿ ಗೊರಕೆ ಹೊಡೆದ ಬೊಮ್ಮಿ

ಅಜ್ಜಿಯರ ಅಜ್ಜಿಗೂ ಹಲ್ಲು ಹುಟ್ಟಿರದ ಕಾಲದಲ್ಲಿ ಹೊಂಗೆರೆ ಎಂಬ ರಾಜ್ಯವಿತ್ತು. ಅಲ್ಲಿಯ ಜನಕ್ಕೊಂದು ದೊಡ್ಡಸ್ತಿಕೆ. ಸಾಹಸಕ್ಕೆ ಹೊರಟವನು ಹಿಂದಿನ ರಾತ್ರಿ ಕಣ್ಣು ಮುಚ್ಚಬಾರದು, ಮುಚ್ಚಿದರೆ ಹೇಡಿ. ಹೊರಟವನಿಗೆ ನಿದ್ದೆ ಹತ್ತದಿರಲೆಂದು ಅವನ ಮನೆ ಮುಂದೆ ಬೆಳಗಿನತನಕ ತಮಟೆ, ಕುಣಿತ.

ಗುಡ್ಡದ ಮೇಲಿನ ಮಾಂತ್ರಿಕ ಉರಿಗಣ್ಣ ಹೊಂಗೆರೆಯ ಹೊಳೆಯನ್ನೇ ಗಿಂಡಿಯೊಳಗೆ ತುಂಬಿಟ್ಟುಕೊಂಡಿದ್ದ. ಹೊತ್ತು ಮುಳುಗುವುದರೊಳಗೆ ಅವನೊಡ್ಡುವ ಮೂರು ಪಂಥ ಗೆದ್ದರೆ ಹೊಳೆ, ಸೋತರೆ ಗೂಬೆಯ ಜನ್ಮ. ಅವನ ಹುಣಸೆಮರದ ತುಂಬ ಗೂಬೆಗಳೇ. ಮೀಸೆಗೆ ಬೆಣ್ಣೆ ತಿಕ್ಕಿಕೊಂಡು ಹೋಗಿದ್ದ ಯುವರಾಜನೂ ಅಲ್ಲೇ, ಗಾಣಿಗರ ಈರಗನೂ ಅಲ್ಲೇ.

ಈರಗನ ತಂಗಿ ಬೊಮ್ಮಿ ಅಣ್ಣನನ್ನು ಬಿಡಿಸಲು ಎದ್ದು ನಿಂತಳು. ನಿದ್ದೆಗೆಟ್ಟ ಎತ್ತು ಗಾಣದ ಸುತ್ತ ಹೇಗೆ ಮುಗ್ಗರಿಸುತ್ತದೆಂದು ಕಂಡವಳು ಅವಳು. ತಮಟೆಯವರನ್ನು ಅಟ್ಟಿ, ಬಾಗಿಲು ಹಾಕಿ ಮಲಗಿಬಿಟ್ಟಳು. ಪಟೇಲರ ಹೆಂಡತಿ ಚೆನ್ನಾಜಮ್ಮ ಕಿಟಕಿಯಲ್ಲಿ ಇಣುಕಿದ್ದೇ ಇಣುಕಿದ್ದು, ಊರೆಲ್ಲ ಸುದ್ದಿ. "ಅಣ್ಣ ಗೂಬೆಯಾಗಿ ಕೂತವ್ನೆ, ಇವಳು ಅಂಗಾತ ಬಿದ್ದು ಗೊರಕೆ ಹೊಡೀತಾಳೆ ಕಣ್ರೇ!"

ಬೆಳಗಾಯಿತು. ಬೊಮ್ಮಿ ಗುಡ್ಡ ಹತ್ತಿದಳು, ತಮಾಷೆ ನೋಡಲು ಊರೇ ಹಿಂದೆ.

ಮೊದಲ ಪಂಥ ಕೆಂಡದ ಹಳ್ಳದ ಮೇಲಿನ ಒಂಟಿ ತೊಲೆ, ಕೈಯಲ್ಲಿ ತುಂಬಿದ ಎಣ್ಣೆ ಬಟ್ಟಲು. ಎಷ್ಟು ಶೂರರ ಕಾಲು ಅಲ್ಲಿ ನಡುಗಿತ್ತೋ. ಬೊಮ್ಮಿ ಹನಿ ಚೆಲ್ಲದೆ ದಾಟಿದಳು. ದಾಟಿದವಳೇ ಮಾಂತ್ರಿಕನ ಜಗಲಿಯ ಮೇಲೆ ಸೆರಗು ಹಾಸಿ ಮಲಗಿದಳು. ಚೆನ್ನಾಜಮ್ಮ ಬಾಯಿ ಮೇಲೆ ಕೈಯಿಟ್ಟಳು.

"ಏಳೇ, ಇನ್ನೆರಡು ಬಾಕಿ," ಅಂದ ಉರಿಗಣ್ಣ.

"ಹೊತ್ತಿನ್ನೂ ನೆತ್ತಿಗೆ ಬಂದಿಲ್ಲ. ಕಾದಿರು."

ಎದ್ದಮೇಲೆ ಎರಡನೆಯದು. ಅಂಗಳದ ತುಂಬ ನವಿಲು ಕುಣಿದವು, ನಿಜವಾದದ್ದು ಒಂದೇ. ಹಿಂದೆ ಬಂದ ಎಷ್ಟೋ ಜನರ ನಿದ್ದೆಗೆಟ್ಟ ಕಣ್ಣಿಗೆ ಒಂದು ಎರಡಾಗಿ ಕಂಡಿತ್ತು. ಬೊಮ್ಮಿ ನೆಲಕ್ಕೆ ನೆರಳು ಬಿದ್ದಿದ್ದ ಒಂದೇ ಒಂದು ನವಿಲನ್ನು ತೋರಿಸಿದಳು, ಮತ್ತೆ ಮಲಗಿದಳು.

ಮೂರನೆಯದು ಮಾಯಾಹುಲಿ. ಹಗ್ಗ ಬಿಟ್ಟೊಡನೆ ಹಾರುತ್ತದೆ, ಹಾರುವಾಗಲೇ ಅದರ ಕೊರಳ ಗಂಟೆ ಕಿತ್ತುಕೊಳ್ಳಬೇಕು. ಈರಗನ ಕೈ ಇಲ್ಲೇ ರೆಪ್ಪೆ ಬಡಿಯುವಷ್ಟು ತಡವಾಗಿತ್ತು. ಉರಿಗಣ್ಣ ಹಗ್ಗ ಹಿಡಿದು, ಅವಳು ಏಳಲೆಂದು ಕಾದು ಕೂತ. ಗಿಂಡಿ ಕಳುವಾದೀತೆಂದು ಅವನೂ ವರ್ಷಾನುಗಟ್ಟಲೆ ಮಲಗಿರಲಿಲ್ಲ. ಎದುರಿಗೆ ಅವಳ ಗೊರಕೆ ಬೇರೆ. ಆಕಳಿಸಿದ. ತೂಕಡಿಸಿದ. ಹಗ್ಗ ಕೈಜಾರಿತು.

ಹುಲಿ ಹಾರಿತು. ಗಂಟೆಯ ಸದ್ದಿಗೆ ಬೊಮ್ಮಿ ಕಣ್ಣು ಬಿಟ್ಟಳು, ಕೈ ಮೇಲೆ ಹೋಯಿತು, ಗಂಟೆ ಮುಷ್ಟಿಯಲ್ಲಿತ್ತು. ಗಂಟೆ ಹೋದ ಹುಲಿಗೆ ಒಡೆಯನೆಲ್ಲಿ? ತೂಕಡಿಸುತ್ತಿದ್ದ ಮಾಂತ್ರಿಕನನ್ನು ಕಚ್ಚೆ ಹಿಡಿದೆತ್ತಿಕೊಂಡು ಗುಡ್ಡದಾಚೆ ಹೊರಟೇಹೋಯಿತು. ಅವನು ಮತ್ತೆ ಕಾಣಲಿಲ್ಲ.

ಬೊಮ್ಮಿ ಗಿಂಡಿ ಬಗ್ಗಿಸಿದಳು. ಹೊಳೆ ಭೋರೆಂದು ಊರ ಕಡೆ ಹರಿಯಿತು. ಗೂಬೆಗಳೆಲ್ಲ ಮನುಷ್ಯರಾಗಿ ಮರದಿಂದ ಇಳಿದವು.

"ನನ್ನ ಕೈ ತಡವಾಯ್ತು ಕಣೆ," ಅಂದ ಈರಗ.

"ಕೈಯದೇನು ತಪ್ಪು? ಮಲಗಣ್ಣ," ಅಂದಳು. ಅವನು ಅವಳ ಹೆಗಲ ಮೇಲೇ ಮಲಗಿದ.

ಯುವರಾಜನನ್ನು ಕರೆದೊಯ್ಯಲು ಮಹಾರಾಜರು ಆನೆಯೇರಿ ಬಂದು, ಬೊಮ್ಮಿಯನ್ನು ಸೇನಾಪತಿ ಎಂದು ಸಾರಬೇಕೆಂದು ಬಾಯಿ ತೆರೆದರು. ಅವಳು ತುಟಿಗೆ ಬೆರಳಿಟ್ಟಳು. ಮಹಾರಾಜರು ಚಪ್ಪಲಿ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ನಡೆದರಂತೆ, ಊರಿಗೆ ಊರೇ ಅವರ ಹಿಂದೆ ತುದಿಗಾಲಲ್ಲಿ. ಹೊಂಗೆರೆ ಆ ರಾತ್ರಿ ಹೊಳೆಯ ಸದ್ದಿನಲ್ಲಿ ಸುಖವಾಗಿ ಮಲಗಿತು, ಚೆನ್ನಾಜಮ್ಮನೂ ಸೇರಿ.