ನಾನೂರ ಹನ್ನೆರಡು ಓಮ್

ಹದಿನೆಂಟನೇ ತಾರೀಕು ಬೆಳಿಗ್ಗೆ ಹತ್ತು ಹತ್ತಕ್ಕೆ ಕೃತಕ ಕಾಲು ತಯಾರಿಸುವ ಪ್ರಯೋಗಾಲಯದ ಮುಖ್ಯಸ್ಥೆ ಠಾಣೆಗೆ ದೂರು ತಂದರು. ನಾಲ್ಕು ದಿನದ ಹಿಂದೆ ಶಾಲೆಯ ಮೆಟ್ಟಿಲಿನಿಂದ ಬಿದ್ದು ಸತ್ತ ಸಂಗೀತ ಶಿಕ್ಷಕಿಯ ಕೃತಕ ಕಾಲು ಎರಡು ತುಂಡಾಗಿ ಠಾಣೆಯ ಮುದ್ದೆಮಾಲು ಕೋಣೆಯಲ್ಲಿ ಮೊಹರಿನೊಳಗಿತ್ತು. ದೂರಿನ ಪ್ರಕಾರ ಅದು ಈಗಲೂ ನಿಮಿಷಕ್ಕೊಮ್ಮೆ ಪ್ರಯೋಗಾಲಯಕ್ಕೆ ಸಂದೇಶ ಕಳಿಸುತ್ತಿದೆ: 412 ಓಮ್, ಸುಸ್ಥಿತಿ.

ಹೆಡ್ ಕಾನ್‌ಸ್ಟೆಬಲ್ ಆ ಕೋಣೆಯ ಬೀಗದತ್ತ ನೋಡಿ ಇನ್‌ಸ್ಪೆಕ್ಟರಿಗೆ ಹೇಳಿದ. "ಎಂತೆಂಥೋರ ಹೇಳಿಕೆನೋ ತಗೊಂಡಿದ್ದೀನಿ ಸಾರ್. ಕಾಲಿಂದು ಇದೇ ಮೊದಲು."

ಯಾರೂ ನಗಲಿಲ್ಲ.

ಮುಖ್ಯಸ್ಥೆ ವಿವರಿಸಿದರು. ಕಾಲಿನ ರಾಳದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕೊಳವೆಗಳು ಒಂದಕ್ಕೊಂದು ತಾಗಿ ವಿದ್ಯುತ್ ಹಾಯಿಸುತ್ತವೆ. ಬಿರುಕು ಬಿಟ್ಟರೆ ಆ ದಾರಿ ಕಡಿದು ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ, ಓಮ್ ಅಂಕಿ ಏರುತ್ತದೆ. ಪೂರ್ತಿ ಮುರಿದರೆ ಅಂಕಿಯೇ ಬರಬಾರದು.

ಎಫ್‌ಐಆರ್ ದಾಖಲಾಯಿತು. ಹನ್ನೊಂದೂವರೆಗೆ ಇಬ್ಬರು ಪಂಚರ ಎದುರು ಮೊಹರು ಒಡೆದರು. ಹಿಮ್ಮಡಿಯ ಮುಚ್ಚಳದಡಿ ಎರಡು ತಂತಿಗಳನ್ನು ಕತ್ತರಿಸಿದ್ದರು. ಅವುಗಳ ನಡುವೆ, ಕಾಲು ಏನೇ ಆದರೂ ಒಂದೇ ಅಂಕಿ ಕೊಡುವ, ಅಕ್ಕಿಕಾಳಿನಷ್ಟು ರೆಸಿಸ್ಟರ್ ಒಂದನ್ನು ಬೆಸೆದಿದ್ದರು. ಪಂಚನಾಮೆ ಬರೆದು ಮುಗಿಯುವವರೆಗೂ ಕಾಲಿನ ಹಸಿರು ದೀಪ ಮಿನುಗುತ್ತಲೇ ಇತ್ತು.

ಇನ್‌ಸ್ಪೆಕ್ಟರ್ ಕಾಲು ಕಳಿಸಿದ್ದ ಹಳೆಯ ಸಂದೇಶಗಳ ದಾಖಲೆ ತರಿಸಿದರು. ಶಿಕ್ಷಕಿ ಎದ್ದದ್ದು, ಕೂತದ್ದು, ಮೆಟ್ಟಿಲು ಹತ್ತಿದ್ದು ಎಲ್ಲವೂ ಅಂಕಿಗಳಲ್ಲಿತ್ತು. ಈ ತಿಂಗಳ ಮೊದಲ ವಾರ ಅವಳು ನಿಂತಾಗೆಲ್ಲ ಅಂಕಿ ಏರಿ, ಕೂತಾಗ ಇಳಿದಿತ್ತು. ಒಂಬತ್ತನೇ ತಾರೀಕು ಮಧ್ಯಾಹ್ನ ಮೂರು ಇಪ್ಪತ್ತರಿಂದ ಗೆರೆ ಸಪಾಟು. ಅವಳು ಬಿದ್ದ ನಿಮಿಷದಲ್ಲೂ ಸಪಾಟು. ಶವಾಗಾರದಲ್ಲೂ.

ಒಂಬತ್ತರ ಮಧ್ಯಾಹ್ನ ಕಾಲು ಯಾರ ಕೈಲಿತ್ತೆಂದು ಪ್ರಯೋಗಾಲಯದ ರಿಜಿಸ್ಟರಿನಲ್ಲಿತ್ತು: ಅಲ್ಲಿನ ತಂತ್ರಜ್ಞ, ಅವಳ ಸ್ವಂತ ಅಣ್ಣ.

ನಾಲ್ಕು ಗಂಟೆಗೆ ಅವನನ್ನು ಕರೆತಂದರು. ಹಿಂದೆಯೇ ಬಂದ ತಾಯಿ ಹೊರಗಿನ ಬೆಂಚಿನ ಮೇಲೆ ಕೂತಳು.

"ಬಿರುಕು ಯಾವಾಗ ಗೊತ್ತಾಯ್ತು?" ಇನ್‌ಸ್ಪೆಕ್ಟರ್ ಕೇಳಿದರು.

"ಎರಡನೇ ತಾರೀಕು."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕಾಲು ವಾಪಸ್ ತಗೋತಾರೆ. ಹೊಸದಕ್ಕೆ ವರ್ಷ ಕಾಯ್ಬೇಕು. ಕೂತಾಗ ಬಿರುಕು ಮುಚ್ಕೊಳ್ತಿತ್ತು ಸಾರ್. ಇನ್ನೊಂದು ಕಾಲು ನಾನೇ ಮಾಡ್ತಿದ್ದೆ. ಅಲ್ಲೀವರೆಗೆ ತಡೆಯುತ್ತೆ ಅಂದ್ಕೊಂಡೆ."

"ತಂಗಿಗೆ ಗೊತ್ತಿತ್ತಾ?"

ಅವನು ತಾಯಿ ಕೂತಿದ್ದ ಬೆಂಚಿನ ಕಡೆ ತಿರುಗಿ ನೋಡಿದ.

"ಬೆಸೆಯುವಾಗ ಟಾರ್ಚು ಹಿಡಿದಿದ್ದೇ ಅವಳು. ಬೇಗ ಮುಗಿಸು, ಪಾಠಕ್ಕೆ ಹೊತ್ತಾಯ್ತು ಅಂತ ಬೈದಳು." ದನಿ ತಗ್ಗಿಸಿದ. "ಅದೊಂದು ಬರೀಬೇಡಿ ಸಾರ್. ಅಮ್ಮನ ಪಾಲಿಗೆ ತಪ್ಪೆಲ್ಲ ನನ್ನದೇ ಆಗಿರ್ಲಿ."

ಹೆಡ್ ಕಾನ್‌ಸ್ಟೆಬಲ್ ಅಷ್ಟರಲ್ಲಿ ಬರೆದಾಗಿತ್ತು.

ಐದು ಹತ್ತಕ್ಕೆ ಬಂಧನ ದಾಖಲಿಸಿದರು. ಎರಡು ವರ್ಷ ಊರುಗೋಲು ಹಿಡಿದಿದ್ದವಳು ಮೂರು ತಿಂಗಳು ಕೈಬೀಸಿಕೊಂಡು ನಡೆದಿದ್ದಳು. ಅವಳನ್ನು ಮತ್ತೆ ಕೂರಿಸಲು ಅಣ್ಣನಿಗೆ ಮನಸ್ಸು ಬರಲಿಲ್ಲ, ಅಷ್ಟೇ.

ಹೇಳಿಕೆಯನ್ನು ಆರೋಪಿಗೆ ಗಟ್ಟಿಯಾಗಿ ಓದಿ ಹೇಳಬೇಕಿತ್ತು. ಇನ್‌ಸ್ಪೆಕ್ಟರ್ ಎದ್ದು ಹೋಗಿ, ಬೆಂಚಿನ ಕಡೆಯ ಬಾಗಿಲು ಹಾಕಿ ಬಂದರು.