ಉಬ್ಬರದಲ್ಲಿ ತಿರುಗಿದ ಬಾಣ

ನವೆಂಬರ್ ಹನ್ನೆರಡು, ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ವೆನಿಸ್ಸಿನ ಸಾನ್ ಪೋಲೊ ಠಾಣೆಗೆ ಗಂಡ ಹೆಂಡತಿ ಇಬ್ಬರು ಬಂದರು. ಹೆಂಡತಿ ಮಿರೆಲ್ಲಾಳ ಬಲಗೈ ಪ್ಲಾಸ್ಟರಿನಲ್ಲಿತ್ತು. ಗಂಡ ಎತ್ತೊರೆಯ ಕೈಯಲ್ಲಿ ನೆನೆದು ಮುದ್ದೆಯಾದ ನಕ್ಷೆಯಿತ್ತು. ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆಂದು ಕೂನಿಯೊ ಪಟ್ಟಣದಿಂದ ವೆನಿಸ್ ನೋಡಲು ಬಂದವರು. ದಾರಿ ತಪ್ಪಿದ ಜೋಡಿಯ ಜಗಳವನ್ನು ಇನ್‌ಸ್ಪೆಕ್ಟರ್ ಲೋರಿಸ್ ಪೆನ್ಸೊ ಆ ವಾರ ಕೇಳುತ್ತಿದ್ದುದು ಇದು ಒಂಬತ್ತನೆಯ ಸಲ.

"ನಿನ್ನೆ ಮಧ್ಯಾಹ್ನ ಒಂದು ಹತ್ತು," ಎಂದ ಎತ್ತೊರೆ. "ರಿಯಾಲ್ಟೊ ಸೇತುವೆಗೆ ಹೊರಟಿದ್ವಿ. ಗೋಡೆ ಮೇಲಿನ ಬಾಣ ಬಲಕ್ಕೆ ತೋರಿಸ್ತು. ಹೋದ್ರೆ ಅಲ್ಲಿ ದೋಣಿಕಟ್ಟೆ. ನರಪಿಳ್ಳೆ ಇಲ್ಲ. ಇವಳು ಹಲಗೆ ಮೇಲೆ ಜಾರಿ ನೀರಿಗೆ ಬಿದ್ಲು."

"ಈಗ ಆಸ್ಪತ್ರೆಯಿಂದ ಬರ್ತಾ ನಾನೇ ನೋಡ್ಕೊಂಡ್ ಬಂದೆ. ಬಾಣ ಎಡಕ್ಕಿದೆ," ಎಂದಳು ಮಿರೆಲ್ಲಾ.

"ಬಲಕ್ಕಿತ್ತು ಮಾರಾಯ್ತಿ!"

"ನೋಡಿ ಸಾರ್, ಇಪ್ಪತ್ತೈದು ವರ್ಷ ಹೀಗೇ. ಬಾಣ ಬಲಕ್ಕಿತ್ತು ಅಂತ ನೀವು ಸಾಬೀತು ಮಾಡಿದ್ರೆ ಸರಿ. ಇಲ್ದಿದ್ರೆ ಸಂಜೆ ಐದು ನಲವತ್ತರ ರೈಲಿಗೆ ನಾನೊಬ್ಬಳೇ ಹೊರಟೆ. ತಂಗಿ ಮನೆಗೆ. ಮತ್ತೆ ಬರಲ್ಲ."

ಪೆನ್ಸೊ ಹಣೆ ಒತ್ತಿಕೊಂಡ. ಮೂಳೆ ಮುರಿದಿದ್ದರಿಂದ ಎಫ್‌ಐಆರ್ ದಾಖಲಿಸದೆ ಗತಿಯಿರಲಿಲ್ಲ.

ಮಧ್ಯಾಹ್ನ ಎರಡೂವರೆಗೆ, ಸಾಕ್ಷಿಗಳನ್ನೂ ದಂಪತಿಯನ್ನೂ ಕರೆದುಕೊಂಡು, ಠಾಣೆಯ ದೋಣಿಯಲ್ಲಿ ಪಂಚನಾಮೆಗೆ ಹೋದರು. ಎರಡು ಗಿಡ್ಡ ಸೇತುವೆಗಳ ನಡುವಿನ ತುಂಡು ಕಾಲುವೆ. ನೀರಿನಿಂದ ನೇರ ಎದ್ದ ಗೋಡೆಯ ಮೇಲೆ ಹಳದಿ ಪಟ್ಟಿ, ಅದರಲ್ಲಿ ರಿಯಾಲ್ಟೊ ಎಂಬ ಅಕ್ಷರ, ಕಪ್ಪು ಬಾಣ. ಎಡಕ್ಕೇ ಇತ್ತು.

"ನೋಡಿದ್ರಾ?" ಎಂದಳು ಮಿರೆಲ್ಲಾ.

ಎತ್ತೊರೆ ಮುದ್ದೆಯಾದ ನಕ್ಷೆಯನ್ನು ಬಿಡಿಸತೊಡಗಿದ.

ಕಾನ್‌ಸ್ಟೇಬಲ್ ಎಲ್ವಿಯಾ ಮಾತ್ರ ಗೋಡೆಯನ್ನೇ ನೋಡುತ್ತಿದ್ದಳು. ಆಕೆ ಇದೇ ಊರಿನವಳು. "ಸಾರ್, ಅಕ್ಷರ ಮಂಕಾಗಿದೆ, ಬಾಣ ಮಾತ್ರ ಮಿರಮಿರ ಮಿಂಚ್ತಿದೆ." ದೋಣಿಯಲ್ಲಿ ನಿಂತು ಕೈ ಚಾಚಿದಳು; ಎರಡು ಗೇಣು ಸಾಲಲಿಲ್ಲ. ಹುಟ್ಟಿನ ತುದಿಯನ್ನು ಒತ್ತಿ ತೆಗೆದಾಗ ಅದಕ್ಕೆ ಕಪ್ಪು ಅಂಟಿತ್ತು. ಬಣ್ಣ ಇನ್ನೂ ಹಸಿ. ಬಾಣದ ಬಾಲದ ಬಳಿ ಹೊಸ ಹಳದಿಯನ್ನು ಕೆರೆದಾಗ, ಅಡಿಯಲ್ಲಿ, ಬಲಕ್ಕೆ ತಿರುಗಿದ ಇನ್ನೊಂದು ಬಾಣದ ಮೊನೆ ಕಂಡಿತು.

ಮಿರೆಲ್ಲಾ ದೋಣಿಯ ಅಂಚಿಗೆ ಬಗ್ಗಿ ಅದನ್ನು ನೋಡಿದಳು.

"ಈ ಎತ್ತರಕ್ಕೆ ಕೈ ಸಿಗೋದು ಉಬ್ಬರದಲ್ಲಿ ಮಾತ್ರ," ಎಂದಳು ಎಲ್ವಿಯಾ. "ಇವತ್ತಿನ ಉಬ್ಬರ ಒಂಬತ್ತು ನಲವತ್ತಕ್ಕೆ. ಆಗ ಈ ಎರಡೂ ಸೇತುವೆ ಕೆಳಗೆ ಯಾವ ದೋಣಿಯೂ ತೂರಲ್ಲ. ಮೊದಲೇ ಒಳಗಿದ್ದ ದೋಣಿಯವನೇ ಬಳಿದಿರೋದು."

ರಾತ್ರಿ ಒಳಗೆ ಕಟ್ಟಿ ಇಡುವುದು ಒಂದೇ ದೋಣಿ. ದೊಡ್ಡ ಕಾಲುವೆಯಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸುವ ಅಂಬಿಗ ಜೀಜಿ ಬುಸೆತ್ತೊನದು. ಮೂರೂ ಹತ್ತಕ್ಕೆ ಅವನನ್ನು ದೋಣಿಕಟ್ಟೆಯಲ್ಲಿ ಹಿಡಿದು ನಿಲ್ಲಿಸಿದರು.

"ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಎಲ್ಲಿದ್ದೆ?" ಎಂದು ಪೆನ್ಸೊ ಕೇಳಿದ.

"ನನ್ನ ದೋಣೀಲಿ."

"ಕಪ್ಪು ಬಣ್ಣ ಇದೆಯಾ?"

"ದೋಣಿ ಬಣ್ಣ ಅಂಬಿಗನ ಹತ್ರ ಇಲ್ದೆ ರೊಟ್ಟಿ ಸುಡೋನ ಹತ್ರ ಇರುತ್ತಾ?"

"ಗೋಡೆಗೂ ಅದನ್ನೇ ಬಳಿದೆಯಲ್ಲೋ, ಪುಣ್ಯಾತ್ಮ!"

"ಬೇರೆ ಬಣ್ಣ ಈ ಉಪ್ಪುಗಾಳೀಲಿ ನಿಲ್ಲಲ್ಲ." ಹೇಳಿದ ಮೇಲೆ ಜೀಜಿ ತನ್ನ ಬಾಯನ್ನೇ ಶಪಿಸಿಕೊಂಡವನಂತೆ ಕುಳಿತ. "ಎರಡು ಕೈ ಬಳ್ದಿದೀನಿ. ಅರ್ಧಂಬರ್ಧ ಕೆಲಸ ನನಗಾಗಲ್ಲ."

ಮೂರೂ ಐವತ್ತಕ್ಕೆ ಬಂಧನವಾಯಿತು. ಠಾಣೆಯಲ್ಲಿ ಪೆನ್ಸೊ ಮಿರೆಲ್ಲಾಳಿಗೆ ವರದಿ ಓದಿ ಹೇಳಿದ: ನಿನ್ನೆ ಬಾಣ ಬಲಕ್ಕಿತ್ತು.

ಆಕೆ ಗಂಡನ ಕಡೆ ತಿರುಗಿದಳು. "ಸರಿ. ನಕ್ಷೆ ತಲೆಕೆಳಗೆ ಹಿಡಿದಿದ್ದು?"

"ಅದು ನಾನೇ."

"ಹಾಗಾದ್ರೆ ಏಳಿ. ರೈಲು ತಪ್ಪುತ್ತೆ. ಚೀಲ ನೀವು ಹೊರಬೇಕು, ನಂದು ಕೈ ಮುರಿದಿದೆ."

ಜೀಜಿಯ ಹೇಳಿಕೆ ಅರ್ಧ ಪುಟವೂ ಆಗಲಿಲ್ಲ. ದಾಟುವವರು ಕಡಿಮೆಯಾದರೆಂದು ಆ ಕಟ್ಟೆಯನ್ನು ತಿಂಗಳ ಕೊನೆಗೆ ಮುಚ್ಚುವುದಾಗಿ ನೋಟಿಸು ಬಂದಿತ್ತು. ಅವನ ಅಜ್ಜನೂ ಅಪ್ಪನೂ ಹುಟ್ಟು ಹಾಕಿದ್ದು ಅಲ್ಲಿಯೇ. ನಾಲ್ಕು ಜನ ಹೆಚ್ಚು ಬರಲೆಂದು ಹೋದ ವಾರದ ಉಬ್ಬರದಲ್ಲಿ ಬಾಣವನ್ನು ತನ್ನ ಕಡೆಗೆ ತಿರುಗಿಸಿದ. ನಿನ್ನೆ ಊಟಕ್ಕೆ ಕುಳಿತಿದ್ದಾಗ ಹೆಂಗಸೊಬ್ಬಳು ಬಿದ್ದ ಸದ್ದು ಕೇಳಿಸಿತು. ಇಂದು ಬಾಣವನ್ನು ಸರಿಪಡಿಸಿದ.

ಸಹಿ ಹಾಕುವ ಮುನ್ನ ಅವನು ಪೆನ್ನನ್ನು ಕೆಳಗಿಟ್ಟ.

"ಇನ್ನೊಂದು ಮಾತು ಬರ್ಕೊಳ್ಳಿ ಸಾರ್. ಹಲಗೆ ಪಾಚಿ ದಿನಾ ಕೆರೆಯೋದು ನನ್ನ ಕೆಲಸ. ನಿನ್ನೆ ಕೆರೆದಿರಲಿಲ್ಲ."

ಪೆನ್ಸೊ ಅದನ್ನೂ ಬರೆದುಕೊಂಡ.