ಬೇಡವಾದ ಬೀಗ

ತನ್ನ ಕೈಯಾರೆ ಮಾಡಿದ್ದನ್ನು ತಾನೇ ಎತ್ತಿಕೊಂಡು ಹೋದರೆ ಅದನ್ನು ಕಳವು ಅನ್ನಬಹುದೇ? ಅನ್ನಬಹುದು. ಕೆಲಸಕ್ಕೆ ಸೇರುವಾಗ ಅವನು ಸಹಿ ಹಾಕಿದ ಕರಾರು ಹಾಗೆಯೇ ಹೇಳುತ್ತಿತ್ತು: ನೌಕರ ಯೋಚಿಸಿದ್ದೆಲ್ಲ ಕಂಪನಿಯ ಸೊತ್ತು. ಹಾಗಾದರೆ ಸ್ನಾನ ಮಾಡುವಾಗ ಯೋಚಿಸಿದ್ದು? ಬಸ್ಸಿಗೆ ಕಾಯುತ್ತ ಯೋಚಿಸಿದ್ದು? ಕನಸಿನಲ್ಲಿ ಕಂಡು, ಎದ್ದು ಕೂತು, ಗೋಡೆಯ ಮೇಲೆ ಬೆರಳಿನಿಂದ ಗೀಚಿ ನೋಡಿದ್ದು? ಕರಾರು ಬರೆದವರು ಯಾವತ್ತೂ ಏನನ್ನೂ ಯೋಚಿಸಿದವರಲ್ಲ. ಯೋಚನೆ ಎಲ್ಲಿ ಹುಟ್ಟುತ್ತದೆ ಎಂಬುದು ಅವರಿಗೆ ಹೇಗೆ ಗೊತ್ತಿರಬೇಕು? ಹೀಗೆ ಅವನು ತನ್ನ ಅನುಮಾನಕ್ಕೆ ಉತ್ತರ ಹೇಳಿಕೊಂಡ. ಅನುಮಾನ ಪೂರ್ತಿ ಹೋಗಲಿಲ್ಲ. ಮೂಲೆ ಹಿಡಿದು ಕೂತಿತು.

ಅವನು ಬೀಗದ ಕಾರ್ಖಾನೆಯಲ್ಲಿ ವಿನ್ಯಾಸಗಾರ. ಮಾತು ಕಡಿಮೆ, ಆದ್ದರಿಂದ ಎಲ್ಲರೂ ಮೌನಿ ಎಂದು ಕರೆಯುತ್ತಿದ್ದರು. ಎಷ್ಟೋ ವರ್ಷಗಳಿಂದ ಕಾರ್ಖಾನೆ ಒಂದೇ ಬೀಗವನ್ನು ಮಾಡುತ್ತಿತ್ತು, ಹಳೆಯ ಯಜಮಾನರು ರೂಪಿಸಿದ್ದನ್ನು. ಅವರು ತೀರಿಕೊಂಡ ಮೇಲೆ ಮಗಳು ಕುರ್ಚಿಗೆ ಬಂದರು. ಅವರನ್ನು ಎಲ್ಲರೂ ದೊಡ್ಡ ಮೇಡಂ ಅನ್ನುತ್ತಿದ್ದರು. ಕಾಲ ಬದಲಾಗುತ್ತಿದೆ ಎಂದು ಯಾರೋ ಹೇಳಿದ್ದಕ್ಕೆ ಅವರು 'ಹೊಸ ಆಲೋಚನೆ ವಿಭಾಗ' ಎಂಬ ಫಲಕ ಬರೆಸಿದರು. ಫಲಕದ ಕೆಳಗೆ ಮೇಜು ಹಾಕಿಸಿ ಮೌನಿಯನ್ನು ಕೂರಿಸಿದರು. ಅವನ ಮೇಲೆ ಒಬ್ಬ ಮುಖ್ಯಸ್ಥರನ್ನೂ ಕೂರಿಸಿದರು. ಒಳ್ಳೆಯ ಕೆಲಸವಾದರೆ ಈ ಮುಖ್ಯಸ್ಥರು "ನಾವು ಮಾಡಿದ್ವಿ" ಅನ್ನುವರು, ಕೆಟ್ಟರೆ "ಅವನು ಮಾಡಿದ" ಅನ್ನುವರು. ಬೆನ್ನ ಹಿಂದೆ ಅವರ ಹೆಸರು 'ನಾವು ಸಾರ್'.

ಆ ವಿಭಾಗದಿಂದ ಅಲ್ಲಿಯವರೆಗೆ ಜಾರಿಗೆ ಬಂದ ಹೊಸತು ಒಂದೇ: ಬೀಗ ತುಂಬುವ ರಟ್ಟಿನ ಡಬ್ಬಿಯ ಬಣ್ಣ ನೀಲಿಯಿಂದ ಹಸಿರಾಗಿತ್ತು. ಅದಕ್ಕೆ ಬಹುಮಾನವೂ ಬಂದಿತ್ತು. ತೆಗೆದುಕೊಂಡವರು ನಾವು ಸಾರ್.

ಮೌನಿಯ ಬೀಗ ಬೇರೆಯೇ ಜಾತಿಯದು. ಕಳ್ಳಕೀಲಿ ಹಾಕಿದರೆ ಅದು ಅಡ್ಡಿ ಮಾಡುವುದಿಲ್ಲ. ಸುಮ್ಮನೆ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ, ತೆರೆಯುವುದಿಲ್ಲ. ಇದನ್ನು ಸಾಧಿಸುವುದರಲ್ಲಿ ಅವನ ತಲೆಗೂದಲು ಅರ್ಧ ಹಣ್ಣಾಗಿತ್ತು. ಅದನ್ನು ಸಭೆಯಲ್ಲಿ ಇಟ್ಟ ದಿನ ನಾವು ಸಾರ್ ಎದ್ದು ನಿಂತು, "ನಾವು ತುಂಬ ಕಷ್ಟಪಟ್ಟು ಮಾಡಿದ ಬೀಗ ಮೇಡಂ," ಅಂದರು. ಮೌನಿ ಮೇಜಿನ ಗೀರುಗಳನ್ನು ನೋಡುತ್ತ ಕೂತಿದ್ದ.

ದೊಡ್ಡ ಮೇಡಂ ಬೀಗವನ್ನು ಅಂಗೈಯಲ್ಲಿ ತೂಗಿ ನೋಡಿದರು. "ಚೆನ್ನಾಗಿದೆ. ಆದ್ರೆ ಇದು ಒಳ್ಳೇ ಬೀಗ ಅಂತ ಸಾರೋಕೆ ಹೋದ್ರೆ, ಇಷ್ಟು ವರ್ಷ ಮಾರಿದ್ದು ಕೆಟ್ಟ ಬೀಗ ಅಂತ ನಾವೇ ಒಪ್ಕೊಂಡ ಹಾಗಲ್ವಾ?"

"ಅದನ್ನೇ ನಾನು ಇವನಿಗೆ ಬಡ್ಕೊಂಡೆ ಮೇಡಂ," ಅಂದರು ನಾವು ಸಾರ್, ಉಸಿರು ಬದಲಿಸುವ ಮೊದಲೇ. "ಆತುರ ಬೇಡ ಕಣಪ್ಪ ಅಂತ."

"ಸದ್ಯಕ್ಕೆ ಬೇಡ. ಬೇರೆಯವರ ಕೈಗೂ ಸಿಗೋದು ಬೇಡ." ಮೇಡಂ ಬೀಗವನ್ನು ಒಂದು ಕಪ್ಪು ಬಟ್ಟೆಯ ಚೀಲಕ್ಕೆ ಹಾಕಿ, ತಮ್ಮ ಕೋಣೆಯ ಬೀರುವಿನಲ್ಲಿ ಇಡಲು ಎತ್ತಿಕೊಂಡು ಹೋದರು.

ಅವತ್ತು ಮನೆಯಲ್ಲಿ ಅಕ್ಕ ಕೇಳಿದಳು. "ಏನೋ, ತಟ್ಟೆ ಏನಾದ್ರೂ ಹೇಳ್ತಾ ಇದೆಯಾ? ಆಗ್ಲಿಂದ ಅದನ್ನೇ ನೋಡ್ತಿದ್ದೀಯ."

"ಏನಿಲ್ಲಕ್ಕ."

"ನಿನಗೆ ಬರೋದು ಅದೊಂದೇ ಮಾತು. ಬೀಗ ಏನಾಯ್ತು?"

"ಬೀರು ಸೇರ್ತು."

"ಯಾಕಂತೆ?"

"ಚೆನ್ನಾಗಿದೆಯಂತೆ."

ಅಕ್ಕ ನಕ್ಕುಬಿಟ್ಟಳು. "ಸರಿ ಬಿಡು. ಚೆನ್ನಾಗಿರೋ ಬಟ್ಟೆ ನಾನೂ ಬೀರುನಲ್ಲೇ ಇಡೋದು. ಹುಳ ತಿನ್ನೋವರೆಗೂ." ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದಳು. "ಒಂದ್ಸಲ ಬಾಯಿಬಿಟ್ಟು, ಇದು ನಾನು ಮಾಡಿದ್ದು ಅಂತ ಹೇಳೋಕೆ ಏನೋ ನಿನಗೆ?"

ಅವನು ಕೈ ತೊಳೆಯಲು ಎದ್ದ.

ಊರಾಚೆ ಇನ್ನೊಂದು ಬೀಗದ ಕಾರ್ಖಾನೆ ಇತ್ತು. ಅದರ ಮಾಲೀಕ, ಹುಡುಕಿಕೊಂಡು ಹೋದ ಮೌನಿಯ ಮಾತನ್ನೆಲ್ಲ ಕೇಳಿ, "ಬಾಯಿಮಾತಿನ ಬೀಗ ತುಂಬ ನೋಡಿದ್ದೀನಿ. ವಸ್ತು ತನ್ನಿ. ನೀವು ಹೇಳಿದ ಹಾಗೇ ಇದ್ರೆ ಬೀಗದ ಮೇಲೆ ನಿಮ್ಮ ಹೆಸರೇ ಕೊರೆಸ್ತೀನಿ," ಅಂದಿದ್ದ. ಹೆಸರು! ಮನೆಯಲ್ಲಿ ಇನ್ನೊಂದು ಮಾಡಿಕೊಡಲು ಮೌನಿಯ ಬಳಿ ಯಂತ್ರಗಳಿರಲಿಲ್ಲ. ಇದ್ದಿದ್ದರೂ ಮಾಡುತ್ತಿರಲಿಲ್ಲ. ಅವನಿಗೆ ಬೇಕಾದದ್ದು ಆ ಬೀಗವೇ.

ಯೋಜನೆ ತಾನಾಗಿಯೇ ಬೆಳೆಯಿತು. ಅದರ ಸೊಗಸು ನೆನೆದರೆ ಅವನಿಗೆ ಒಳಗೊಳಗೇ ನಗು ಬರುತ್ತಿತ್ತು. ಜಗತ್ತಿನ ಎಲ್ಲ ಕಳ್ಳರೂ ಸಿಕ್ಕಿಬೀಳುತ್ತೇವೆಂದು ಹೆದರುತ್ತಾರೆ. ಅವನಿಗೆ ಆ ಹೆದರಿಕೆ ಬೇಕಿರಲಿಲ್ಲ. ಒಮ್ಮೆ ಬೀಗ ಗೇಟು ದಾಟಿದರೆ ಸಾಕು, ಆಮೇಲೆ ಕಂಪನಿಗೆ ಗೊತ್ತಾದರೂ ಬಾಯಿ ಬಿಡುವಂತಿಲ್ಲ. ಬೀಗದ ಕಂಪನಿಯ ಬೀರುವನ್ನೇ ಒಂದು ಗೀರೂ ಬೀಳದ ಹಾಗೆ ಯಾರೋ ತೆರೆದರು ಎಂದು ಯಾವ ಠಾಣೆಗೆ ಹೋಗಿ ಹೇಳುತ್ತಾರೆ? ಕಳುವಾದದ್ದೇನು ಎಂದು ಪೊಲೀಸರು ಕೇಳಿದರೆ? ನಾವೇ ಬೇಡವೆಂದ ಬೀಗ! ಅವರಿಗೆ ಗೊತ್ತಾಗಬೇಕು, ಹೇಳಲಾಗಬಾರದು. ಇಷ್ಟು ವರ್ಷ ಅವನು ನುಂಗಿದ ಮೌನವನ್ನು ಇನ್ನು ಅವರು ನುಂಗಲಿ.

ದಿನವನ್ನೂ ಕಂಪನಿಯೇ ಒದಗಿಸಿತು. ವರ್ಷಕ್ಕೊಮ್ಮೆ 'ಹೊಸತನದ ದಿನ' ಎಂದು ಆಚರಿಸುತ್ತಿದ್ದರು. ಹೊರಗಿನಿಂದ ಒಬ್ಬ ಭಾಷಣಕಾರ ಬರುವನು, ಎಲ್ಲರೂ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೇಳುವರು, ಕೊನೆಗೆ ಬಲ್ಬಿನ ಚಿತ್ರವಿರುವ ದಪ್ಪನೆಯ ಕಾಫಿ ಮಗ್ಗನ್ನು ಡಬ್ಬಿಯಲ್ಲಿಟ್ಟು ತಲೆಗೊಂದರಂತೆ ಕೊಡುವರು. ಗೇಟಿನಲ್ಲಿ ಕಾವಲುಗಾರ ಪ್ರತಿಯೊಬ್ಬರ ಚೀಲವನ್ನೂ ತಡಕುತ್ತಿದ್ದ. ಕಂಪನಿ ಕೊಟ್ಟ ಉಡುಗೊರೆಯನ್ನು ಮಾತ್ರ ತೆರೆಯುತ್ತಿರಲಿಲ್ಲ. ಮಗ್ಗಿನೊಳಗೆ ಬೀಗ ಸರಿಯಾಗಿ ಕೂರುತ್ತದೆ ಎಂಬುದನ್ನು ಅವನು ಹೋದ ವರ್ಷದ ಮಗ್ಗಿನಲ್ಲಿ ಅಳೆದು ನೋಡಿದ್ದ. ಸಂಜೆ ಆಚೆ ಕಾರ್ಖಾನೆಯ ಮಾಲೀಕ ಕಾರಿನಲ್ಲಿ ಗೇಟಿನ ಮುಂದಿನ ತಿರುವಿಗೆ ಬರುವವನಿದ್ದ.

ಅಂದು ಭಾಷಣಕಾರ ಅಂಗಿಯ ತೋಳು ಮಡಚಿ ಕೂಗುತ್ತಿದ್ದ: "ತಪ್ಪು ಮಾಡೋಕೆ ಹೆದರಬೇಡಿ! ಯಾರ ಅಪ್ಪಣೆಗೂ ಕಾಯಬೇಡಿ!" ಮೌನಿ ಕಾಯಲಿಲ್ಲ. ಹಿಂದಿನ ಸಾಲಿನಿಂದ ಎದ್ದು ಒಳಗೆ ಹೋದ. ಇದ್ದಾಗಲೇ ಅವನನ್ನು ಯಾರೂ ಗಮನಿಸುತ್ತಿರಲಿಲ್ಲ, ಇಲ್ಲದಾಗ ಗಮನಿಸುವವರು ಯಾರು?

ಮೇಡಂ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಬೀರು ಹಳೆಯದು; ಅದರ ಬೀಗವನ್ನು ಹಳೆಯ ಯಜಮಾನರೇ ಕೈಯಲ್ಲಿ ಮಾಡಿ ಕೂರಿಸಿದ್ದೆಂದು ಹೇಳುತ್ತಿದ್ದರು. ಅವನು ಹೆಗಲನ್ನು ಬಾಗಿಲಿಗೆ ಆನಿಸಿ, ಎರಡು ತಂತಿ ಕೊಕ್ಕೆಗಳಿಂದ ಒಳಗಿನ ಲಿವರುಗಳನ್ನು, ಅಂದರೆ ಕೀಲಿ ಎತ್ತಬೇಕಾದ ಪುಟ್ಟ ಪಟ್ಟಿಗಳನ್ನು, ಒಂದೊಂದಾಗಿ ಎತ್ತಿದ. ಭಾಷಣದಲ್ಲಿ ಒಂದು ಚಪ್ಪಾಳೆ ಮುಗಿದು ಇನ್ನೊಂದು ಬರುವಷ್ಟರಲ್ಲಿ ಬೀರು ತೆರೆಯಿತು. ಇದನ್ನೇ ಅಲ್ಲವೇ ಇವರು ಭದ್ರ ಎಂದು ಮಾರುತ್ತಿರುವುದು? ಕಪ್ಪು ಚೀಲದಿಂದ ತನ್ನ ಬೀಗವನ್ನು ತೆಗೆದು, ಜೇಬಿನಲ್ಲಿ ತಂದಿದ್ದ, ಅಷ್ಟೇ ತೂಕದ ಕಾರ್ಖಾನೆಯ ಹಳೆಯ ಬೀಗವನ್ನು ಅದರೊಳಗೆ ಇಟ್ಟ.

ಮತ್ತೆ ಬೀಗ ಹಾಕಲು ಹೋದಾಗ ಒಂದು ಲಿವರು ತಡೆಯಿತು. ಬಾಗಿಲನ್ನು ಮತ್ತೆ ತೆರೆದು, ಬೀಗದ ಒಳಗಡೆಯ ತಗಡು ಬಿಚ್ಚಿ ನೋಡಿದ. ಅಂಚಿನಲ್ಲಿ ಒಂದು ಕಚ್ಚು. ಎಂಥ ಒರಟು ಕೆಲಸ ಎಂದುಕೊಂಡ. ಜೇಬಿನ ಸಣ್ಣ ಅರದಿಂದ ಉಜ್ಜಿ ನಯ ಮಾಡಿ, ತಗಡನ್ನು ಮತ್ತೆ ಕೂರಿಸಿ, ಬಾಗಿಲು ಮುಚ್ಚಿ ಬೀಗ ಹಾಕಿದ. ಮಗ್ಗು ಹಂಚುವ ಹೊತ್ತಿಗೆ ಅವನು ಸಾಲಿನಲ್ಲಿ ನಿಂತಿದ್ದ.

ಮಧ್ಯಾಹ್ನ ದೊಡ್ಡ ಮೇಡಂ ಕೋಣೆಯಲ್ಲಿ ವಿಭಾಗದ ಸಭೆ. ಮೌನಿ ಬೀಗ ಅಡಗಿಸಿಟ್ಟ ತನ್ನ ಮಗ್ಗಿನ ಡಬ್ಬಿಯನ್ನು ಎದುರಿಗೇ, ಮೇಜಿನ ಮೇಲೆ ಇಟ್ಟುಕೊಂಡ. ಅಷ್ಟು ಧೈರ್ಯ ಬಂದಿತ್ತು. ಆಮೇಲೆ ಮೇಡಂ ಕಾಫಿ ಲೋಟದ ಪಕ್ಕದಲ್ಲಿದ್ದ ಕಪ್ಪು ಚೀಲ ಕಣ್ಣಿಗೆ ಬಿತ್ತು.

"ನಮ್ಮ ಬೀರು ಬೀಗ ಇವತ್ತು ಬೆಣ್ಣೆ ಹಾಗೆ ತಿರುಗ್ತು," ಅಂದರು ಮೇಡಂ, ಎಲ್ಲರ ಮುಖವನ್ನೂ ನೋಡುತ್ತ. "ಯಾರು ಸರಿ ಮಾಡಿದ್ದು? ಹೊಸತನದ ದಿನ, ಮಾಡಿದವರಿಗೆ ಒಂದು ಬಹುಮಾನ ಕೊಡೋಣ."

"ನಾವೇ ಮೇಡಂ!" ನಾವು ಸಾರ್ ಕುರ್ಚಿಯ ತುದಿಗೆ ಬಂದರು. "ಅಂದ್ರೆ, ನಾನೇ ಖುದ್ದಾಗಿ ನಿಂತು ಮಾಡಿದೆ. ನಿಮಗೆ ತೊಂದರೆ ಆಗೋದು ನೋಡೋಕೆ ಆಗಲಿಲ್ಲ."

"ನೀವೇನಾ?"

"ನಾನೇ ಮೇಡಂ."

ಮೇಡಂ ನಿಧಾನವಾಗಿ ಚೀಲದ ಮೇಲೆ ಕೈ ಇಟ್ಟರು. ನಾವು ಸಾರ್‌ಗೆ ಆ ಚೀಲ ಅರ್ಥವಾಗಲಿಲ್ಲ. ಮೌನಿಗೆ ಅರ್ಥವಾಯಿತು. ಬೀಗ ಕಳುವಾದದ್ದು ಮೇಡಂಗೆ ಗೊತ್ತಾಗಿದೆ, ಕಳ್ಳ ಯಾರೆಂಬುದೊಂದೇ ಬಾಕಿ. ಬಹುಮಾನ ಎಂಬುದು ಬಲೆ. ಆ ಬಲೆಗೆ ಅವನ ಶತ್ರು ತಾನಾಗಿಯೇ, ಹಲ್ಲು ಕಿರಿಯುತ್ತ ಬಂದು ಬಿದ್ದಿದ್ದಾನೆ. ಇಷ್ಟು ಒಳ್ಳೆಯ ಸೇಡನ್ನು ಅವನು ಯೋಜಿಸಿರಲೂ ಇಲ್ಲ. ಈಗ ಮಾಡಬೇಕಾದದ್ದು ಇಷ್ಟು ವರ್ಷ ಮಾಡಿದ್ದನ್ನೇ. ಸುಮ್ಮನಿರುವುದು. ಸಂಜೆ ಡಬ್ಬಿ ಎತ್ತಿಕೊಂಡು ಗೇಟು ದಾಟುವುದು.

"ಏನು ಮಾಡಿದ್ರಿ ಅದಕ್ಕೆ?" ಮೇಡಂ ಕೇಳಿದರು.

"ದೊಡ್ಡದೇನಿಲ್ಲ ಮೇಡಂ. ಎಣ್ಣೆ. ನಾಲ್ಕು ಹನಿ ಎಣ್ಣೆ ಬಿಟ್ಟೆ, ಅಷ್ಟೇ."

ಎಣ್ಣೆ! ಮೌನಿಯ ಕಿವಿ ಬಿಸಿಯಾಯಿತು. ಡಬ್ಬಿಯ ಬಣ್ಣಕ್ಕೆ ಬಹುಮಾನ ತೆಗೆದುಕೊಂಡ ಕೈ, ಬೀಗವನ್ನು 'ನಾವು' ಎಂದ ಬಾಯಿ, ಈಗ ಅರದ ಕೆಲಸವನ್ನು ಎಣ್ಣೆ ಎನ್ನುತ್ತಿದೆ.

"ಎಣ್ಣೆ ಅಲ್ಲ," ಎಂದು ಯಾರೋ ಹೇಳಿದರು. ಎಲ್ಲರೂ ತಿರುಗಿ ನೋಡಿದಾಗಲೇ ಅದು ತನ್ನ ದನಿ ಎಂದು ಅವನಿಗೆ ತಿಳಿದದ್ದು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ, ಎದ್ದು ನಿಂತ. "ಎಣ್ಣೆ ಬಿಟ್ರೆ ಅದು ಸರಿಹೋಗಲ್ಲ ಮೇಡಂ. ಮೂರನೇ ಲಿವರಿನ ಅಂಚಲ್ಲಿ ಒಂದು ಕಚ್ಚಿತ್ತು. ಒರಟು ಕೆಲಸ. ಅರ ಹಾಕಿ ತೆಗೆದಿದ್ದೀನಿ. ಇವರಲ್ಲ. ನಾನು. ಅದು ನಾನು ಮಾಡಿದ್ದು."

"ಒರಟು ಕೆಲಸ ಅಲ್ಲ ಅದು," ಅಂದರು ಮೇಡಂ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮಪ್ಪ ಬೇಕು ಅಂತಲೇ ಕೊರೆದ ಕಚ್ಚು. ಮೊಣಕಾಲಲ್ಲಿ ಬಾಗಿಲು ಒತ್ತಿ ಹಿಡಿದ್ರೆ ಮಾತ್ರ ಕೀಲಿ ತಿರುಗೋದು, ನನಗೆ ಮಂಡಿ ನೋವೇ ಬಂದಿದೆ. ಗೊತ್ತಿಲ್ಲದೋನು ತೆಗೆದ್ರೆ ಅಲ್ಲಿ ಸಿಕ್ಕಿಕೊಳ್ತಾನೆ, ಇಲ್ಲ ಅದನ್ನ ಸರಿ ಮಾಡಿ ಹೋಗ್ತಾನೆ. ಎರಡರಲ್ಲಿ ಯಾವುದಾದ್ರೂ ಮುಂದಿನ ಸಲ ಕೀಲಿ ಹಾಕಿದಾಗ ನನಗೆ ಗೊತ್ತಾಗ್ಬೇಕು ಅಂತ." ಅವರು ಕೈ ಚಾಚಿದರು. ಹಳೆಯ ಬೀಗವನ್ನು ಇಷ್ಟು ವರ್ಷ ಹೀಗಳೆದವನು ಅದು ಯಾಕೆ ಹಾಗಿದೆ ಎಂದು ಒಂದು ಸಲವೂ ಕೇಳಿರಲಿಲ್ಲ. ಮೌನಿ ಡಬ್ಬಿ ಬಿಚ್ಚಿ, ಮಗ್ಗಿನೊಳಗಿಂದ ತನ್ನ ಬೀಗವನ್ನು ತೆಗೆದು ಆ ಕೈಯಲ್ಲಿ ಇಡದೆ, ಮೇಜಿನ ನಡುವೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟ. ತಲೆ ತಗ್ಗಿಸಲಿಲ್ಲ. ಆ ಕಚ್ಚು ಬಹಳ ಒಳ್ಳೆಯ ಯೋಚನೆ ಎಂದು ಅವನಿಗೆ ಅನ್ನಿಸಿತು. ಅದನ್ನು ಅವನು ಯಾವತ್ತೂ, ಯಾರಿಗೂ ಹೇಳಲಿಲ್ಲ.